ಕಾಲುದಾರ ಕತ್ತರಿಸಿದವಳು

ಎರಡನೇ ತರಗತಿಯ ಒಬ್ಬ ಹುಡುಗಿ ಬೆಂಚಿನ ಮೇಲೆ ಸುಮ್ಮನೆ ಕೂರುವುದಿಲ್ಲ. ಅದಕ್ಕೆ ಸಾರಿ-ಬುಲುನ್ ಊರಿನವರು ಹಿಡಿದು ಬೈದದ್ದು ಶಾಲೆಯಲ್ಲಿ ಕಸ ಗುಡಿಸಿ ಒಲೆ ಹಚ್ಚುವ ಬುರುಲ್ ಎಂಬ ಹೆಂಗಸನ್ನು. ಹುಡುಗಿ ಅವಳ ಮಗಳಲ್ಲ, ಮೊಮ್ಮಗಳಲ್ಲ, ದೂರದ ನೆಂಟಳೂ ಅಲ್ಲ. ಏಳು ವರ್ಷದ ಹಿಂದೆ ಆ ಮಗು ಮೊದಲ ಹೆಜ್ಜೆ ಇಟ್ಟಾಗ ಅದರ ಕಾಲಿಗೆ ಕಟ್ಟಿದ್ದ ಕಪ್ಪು-ಬಿಳಿ ದಾರವನ್ನು ಕತ್ತರಿಸಿದವಳು ಬುರುಲ್. ಅವಳು ಮಾಡಿದ ಅಪರಾಧ ಇಷ್ಟೇ.

ನಮ್ಮ ಕಡೆ ಮಗು ನಡೆಯಲು ಕಲಿತ ಕೂಡಲೇ ಎರಡೂ ಕಾಲಿಗೆ ಸೇರಿಸಿ ದಾರ ಕಟ್ಟಿ, ಅಂಗಳದ ತುದಿಯಲ್ಲಿ ನಿಲ್ಲಿಸುತ್ತಾರೆ. ಊರವರು ದೂರದ ಕಾಲುವೆಯ ಹತ್ತಿರದಿಂದ ಓಡಿ ಬರುತ್ತಾರೆ. ಮೊದಲು ಬಂದವರು ಚಾಕುವಿನಿಂದ ಆ ದಾರ ಕತ್ತರಿಸಿ, ಮಗುವಿನ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಬೇಕು. ಕತ್ತರಿಸಿದವರ ನಡೆ, ಕತ್ತರಿಸಿದವರ ಗುಣ ಮಗುವಿಗೆ ಬರುತ್ತದೆ ಎನ್ನುವುದು ನಂಬಿಕೆ. ಜಾರ್ಕಿನ್ ಎಂಬ ಈ ಹುಡುಗಿಯ ಕಾಲುದಾರದ ದಿನ ಬುರುಲ್‌ಗೆ ಮೂವತ್ತೆಂಟು ವರ್ಷ. ರಬ್ಬರ್ ಬೂಟು ಕಳಚಿಟ್ಟು ಉಣ್ಣೆಯ ಕಾಲುಚೀಲದಲ್ಲೇ ಓಡಿ, ಹದಿನೆಂಟರ ಹುಡುಗಿಯರನ್ನೆಲ್ಲ ಹಿಂದೆ ಹಾಕಿ ಬಂದಿದ್ದಳು. ಮಗುವಿನ ಅಜ್ಜಿ ಕುಲಿಪಾ ಅವಳ ಹಣೆಗೆ ಮುತ್ತಿಟ್ಟು, ತಲೆಗೆ ಹೂವಿನ ವಸ್ತ್ರ ಹೊದಿಸಿ, ನನ್ನ ಮೊಮ್ಮಗಳೂ ನಿನ್ನ ಹಾಗೆ ಗಾಳಿಯಾಗಿ ಓಡಲಿ ಎಂದು ಹತ್ತು ಜನರ ಮುಂದೆ ಹಾರೈಸಿದ್ದಳು. ಹಾರೈಕೆ ಫಲಿಸಿತು. ಫಲಿಸಿದ್ದೇ ತಪ್ಪಾಯಿತು.

ಬುರುಲ್ ಸ್ವತಃ ಇದೇ ಶಾಲೆಯಲ್ಲಿ ಎಂಟು ವರ್ಷ ಕೂತವಳು. ಕೂತವಳು ಎನ್ನುವುದಕ್ಕಿಂತ ನಿಂತವಳು ಎನ್ನುವುದು ಸರಿ. ಕಾಲಾಡಿಸಿದ್ದಕ್ಕೆ, ಕಿಟಕಿ ನೋಡಿದ್ದಕ್ಕೆ, ಪಕ್ಕದವಳ ಪೆನ್ಸಿಲ್ ಬಿದ್ದರೆ ಎತ್ತಿಕೊಡಲು ಎದ್ದದ್ದಕ್ಕೆ ಅವಳನ್ನು ಒಲೆಯ ಪಕ್ಕದ ಮೂಲೆಗೆ ಕಳಿಸುತ್ತಿದ್ದರು. ಎಡಗೈ ಕೆಳಗೆ, ಬಲಗೈ ಮೇಲೆ, ಎರಡೂ ಮೇಜಿನ ಮೇಲೆ ಮಡಚಿ, ಬೆನ್ನು ನೆಟ್ಟಗೆ. ಉತ್ತರ ಗೊತ್ತಿದ್ದರೆ ಮೊಣಕೈ ಮೇಜು ಬಿಡದಂತೆ ಬಲಗೈ ಮಾತ್ರ ಎತ್ತಬೇಕು. ಈ ನಿಯಮ ತಂದ ಸರ್ಕಾರ ಹೋಗಿ ಎಷ್ಟೋ ಕಾಲವಾಯಿತು. ಬಾವುಟ ಬದಲಾಯಿತು, ನಾಣ್ಯ ಬದಲಾಯಿತು, ಗೋಡೆಯ ಮೇಲಿನ ಭಾವಚಿತ್ರಗಳಲ್ಲಿ ಗಡ್ಡದ ನಾಯಕರು ಇಳಿದು ಟೋಪಿಯವರು ಏರಿದರು. ಮಕ್ಕಳ ಕೈ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.

ಹದಿಮೂರನೇ ವಯಸ್ಸಿಗೆ ಬುರುಲ್ ಜಿಲ್ಲಾ ಓಟದಲ್ಲಿ ಗೆದ್ದು ಶಾಲೆಗೆ ಒಂದು ಹಿತ್ತಾಳೆಯ ಬಟ್ಟಲು ತಂದುಕೊಟ್ಟಳು. ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಅದು ಇವತ್ತಿಗೂ ಇದೆ, ಬಂದವರಿಗೆಲ್ಲ ತೋರಿಸುತ್ತಾರೆ. ಅದೇ ವಾರ ಅವಳಿಗೆ ನಡತೆಯಲ್ಲಿ ಎರಡು ಅಂಕ ಬಂತು, ಅಂದರೆ ಫೇಲು. ಶಾಲೆಗೆ ಅವಳ ಕಾಲು ಬೇಕಿತ್ತು, ಆದರೆ ಮೈದಾನದಲ್ಲಿ ಮಾತ್ರ. ಎಂಟನೆಯದು ಮುಗಿಸಿ ಬಿಟ್ಟಳು. ಕುದುರೆ ಮೇಯಿಸುವವನೊಬ್ಬನನ್ನು ಮದುವೆಯಾದಳು, ಇಬ್ಬರು ಮಕ್ಕಳನ್ನು ಬೆಳೆಸಿದಳು, ಕೊನೆಗೆ ಅದೇ ಶಾಲೆಗೆ ಕಸಬರಿಕೆ ಹಿಡಿದು ವಾಪಸು ಬಂದಳು. ಹತ್ತೊಂಬತ್ತು ಚಳಿಗಾಲದಿಂದ ಬೆಳಿಗ್ಗೆ ಆರಕ್ಕೆ ಬಂದು ಎಂಟು ಕೊಠಡಿಯ ಎಂಟು ಒಲೆಗೆ ಬೆರಣಿ ಇಟ್ಟು, ಕಲ್ಲಿದ್ದಲು ಸುರಿದು, ಮಕ್ಕಳು ಬರುವಷ್ಟರಲ್ಲಿ ಗೋಡೆ ಬೆಚ್ಚಗೆ ಮಾಡುತ್ತಾಳೆ.

ಪ್ರತಿ ಆಗಸ್ಟಿನಲ್ಲಿ ಅವಳೇ ನೆಲದ ಹಲಗೆಗಳಿಗೆ ಕಂದು ಬಣ್ಣ ಬಳಿಯುತ್ತಾಳೆ. ಹೊಸ ವರ್ಷದ ಹೊತ್ತಿಗೆ ಪ್ರತಿ ಬೆಂಚಿನ ಕೆಳಗೂ ಎರಡೆರಡು ಕಡೆ ಬಣ್ಣ ಹೋಗಿ ಮರ ಕಾಣುತ್ತದೆ. ಕೊಠಡಿಯ ನಡುವೆ, ಮಕ್ಕಳು ನಡೆಯುವ ಜಾಗದಲ್ಲಿ, ಬಣ್ಣ ಹಾಗೇ ಮಿರುಗುತ್ತಿರುತ್ತದೆ. ಮೇಲೆ ಕೈಗಳು ಅಚ್ಚುಕಟ್ಟಾಗಿ ಮಡಚಿಕೊಂಡಿರುವಾಗ ಕೆಳಗೆ ಕಾಲುಗಳು ಏನು ಮಾಡುತ್ತಿವೆ ಎನ್ನುವುದು ಶಿಕ್ಷಣ ಇಲಾಖೆಯ ಯಾವ ಸಾಹೇಬರಿಗೂ ಗೊತ್ತಿಲ್ಲ, ನೆಲ ಒರೆಸುವವಳಿಗೆ ಗೊತ್ತು. ಒಂದು ಮಗುವಲ್ಲ, ಎರಡಲ್ಲ, ಎಲ್ಲ ಬೆಂಚಿನ ಕೆಳಗೂ ಹಾಗೇ. ಅಂದ ಮೇಲೆ ತಪ್ಪು ಕಾಲಿನದೋ ಬೆಂಚಿನದೋ ಎಂದು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಜಗಳವಾಡಿದ್ದುಂಟು.

ಜಾರ್ಕಿನಳ ಟೀಚರ್ ಸಾಬಿರಾ ಕೆಟ್ಟವಳಲ್ಲ. ಇಪ್ಪತ್ತನಾಲ್ಕು ವರ್ಷ ಪಾಠ ಮಾಡಿದವಳು. ಕೈಗವಸು ಮರೆತು ಬಂದ ಮಕ್ಕಳಿಗೆ ಹಾಕಲೆಂದು ತನ್ನ ಚೀಲದಲ್ಲಿ ಎರಡು ಜೊತೆ ಇಟ್ಟುಕೊಂಡು ಓಡಾಡುವವಳು. ಆದರೆ ಇಪ್ಪತ್ತು ಮಕ್ಕಳ ಕೊಠಡಿಯಲ್ಲಿ ಅವಳಿಗೆ ಮೂವತ್ತಾರು ಮಕ್ಕಳು. ಮಧ್ಯಾಹ್ನ ಅದೇ ಬೆಂಚಿಗೆ ಇನ್ನೊಂದು ಪಾಳಿ ಬರುತ್ತದೆ. ತಪಾಸಣೆಗೆ ಬಂದವರು ಬಾಗಿಲು ತೆರೆದಾಗ ಮೊದಲು ನೋಡುವುದು ಕೈ ಮಡಚಿದೆಯೋ ಇಲ್ಲವೋ ಎಂದು. ಮಡಚಿದ್ದರೆ ಒಳ್ಳೆಯ ತರಗತಿ. ಕೈ ಮಡಚಿದ ಮಗುವಿನ ತಲೆಯೊಳಗೆ ಏನಾದರೂ ಹೋಗಿದೆಯೇ ಎಂದು ಕೇಳುವಷ್ಟು ಹೊತ್ತು ಅವರು ನಿಲ್ಲುವುದೇ ಇಲ್ಲ.

ಜಾರ್ಕಿನ್ ದಡ್ಡಿಯಲ್ಲ. ಏಳರ ಮಗ್ಗಿ ತರಗತಿಗೆ ಮುಂಚೆಯೇ ಅವಳಿಗೆ ಬರುತ್ತಿತ್ತು, ಆದರೆ ಒಂಟಿ ಕಾಲಿನಲ್ಲಿ ಕುಂಟುತ್ತ ಹೇಳಿದರೆ ಮಾತ್ರ ಪೂರ್ತಿ ಬರುತ್ತಿತ್ತು. ಕೂರಿಸಿ ಕೇಳಿದರೆ ಏಳು ನಾಲ್ಕಲ ಹತ್ತಿರ ಸಿಕ್ಕಿಬೀಳುತ್ತಿದ್ದಳು. ಕಿಟಕಿಯಾಚೆ ಮರಿಕುದುರೆ ಕಂಡರೆ ಎದ್ದು ನಿಲ್ಲುತ್ತಿದ್ದಳು, ಓದುವಾಗ ಬೆಂಚಿನ ಕೆಳಗೆ ನುಸುಳುತ್ತಿದ್ದಳು. ದಿನಚರಿಯ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದೇ ಮಾತು, ಕೂರುವುದಿಲ್ಲ. ಪಕ್ಕದ ಪುಟದಲ್ಲೂ ಅದೇ, ಮರುದಿನವೂ ಅದೇ. ಶಿಕ್ಷೆ ಎಂದರೆ ಬಿಡುವಿನಲ್ಲಿ ಹೊರಗೆ ಬಿಡುತ್ತಿರಲಿಲ್ಲ. ಓಡದೆ ಇರಲಾರದ ಮಗುವಿನಿಂದ ಓಟವನ್ನೇ ಕಿತ್ತುಕೊಂಡು, ಆಮೇಲೆ ಅದು ಇನ್ನಷ್ಟು ಮಿಸುಕಾಡಿತು ಎಂದು ಇನ್ನೊಂದು ಬಿಡುವನ್ನೂ ಕಿತ್ತುಕೊಳ್ಳುವುದು. ಹಸಿದವನಿಗೆ, ನಿನಗೆ ಹಸಿವಾಗಿದೆಯಲ್ಲ, ಅದಕ್ಕೇ ಊಟವಿಲ್ಲ ಎಂದ ಹಾಗೆ. ದೊಡ್ಡವರಿಗೆ ಹೀಗೆ ಮಾಡಿದ್ದರೆ ಊರಿನಲ್ಲಿ ದೊಂಬಿಯಾಗುತ್ತಿತ್ತು.

ನವೆಂಬರಿನಲ್ಲಿ ಒಂದು ದಿನ ಎರಡನೇ ಪಾಠದ ನಡುವೆ ಬುರುಲ್ ಬಕೆಟ್ ಹಿಡಿದು ಆ ಕೊಠಡಿಗೆ ಹೋದಳು. ಮೂವತ್ತಾರು ಮಕ್ಕಳು ಕೈ ಮಡಚಿ ಕೂತಿದ್ದರು. ಜಾರ್ಕಿನ್ ಕೂಡ ಕೂತಿದ್ದಳು. ಬುರುಲ್‌ಗೆ ಅದೇ ವಿಚಿತ್ರವೆನಿಸಿ ಬಗ್ಗಿ ನೋಡಿದಳು. ಹುಡುಗಿಯ ಎರಡೂ ಕಾಲನ್ನು ಅವಳದೇ ಉಣ್ಣೆಯ ಮಫ್ಲರಿನಿಂದ ಬೆಂಚಿನ ಅಡ್ಡಪಟ್ಟಿಗೆ ಕಟ್ಟಲಾಗಿತ್ತು.

ಬುರುಲ್ ಬಕೆಟ್ ಕೆಳಗಿಟ್ಟು, ನೆಲದ ಮೇಲೆ ಮಂಡಿಯೂರಿ ಗಂಟು ಬಿಚ್ಚತೊಡಗಿದಳು. ನಿನ್ನ ಕೆಲಸ ಒಲೆ, ಒಲೆ ನೋಡಿಕೋ ಎಂದು ಸಾಬಿರಾ ಮೆಲ್ಲಗೆ ಹೇಳಿದಳು.

“ಒಲೆಗೇ ಬಂದಿದ್ದು ಎಜೆ,” ಎಂದಳು ಬುರುಲ್, ತಲೆಯೆತ್ತದೆ. ತಮಗಿಂತ ಹಿರಿಯ ಹೆಂಗಸನ್ನು ಊರೆಲ್ಲ ಕರೆಯುವುದು ಹಾಗೇ. “ಮೇಕೆ ಮರೀನ ಹೀಗ್ ಕಟ್ಟಿದ್ರೆ ಅದು ಊರು ಕೇಳೋ ಹಾಗೆ ಕಿರಚುತ್ತೆ. ಈ ಮಗು ಕಿರಚ್ತಾ ಇಲ್ಲ. ಹಾಗಂತ ನಿಮಗೆ ಸಮಾಧಾನ, ನನಗೆ ಹೊಟ್ಟೆ ಉರೀತಿದೆ.”

ಸಾಬಿರಾ ಅವಳನ್ನು ಕಾರಿಡಾರಿಗೆ ಎಳೆದುಕೊಂಡು ಹೋದಳು. ಅಲ್ಲಿ ಇಬ್ಬರಿಗೂ ಜಗಳವಾಯಿತು. ಮೂವತ್ತಾರು ಮಕ್ಕಳನ್ನು ನೀನು ಒಂದು ದಿನ ಹಿಡಿದು ತೋರಿಸು, ನಾನು ನಿನ್ನ ಕಸಬರಿಕೆ ಹಿಡಿಯುತ್ತೇನೆ ಎಂದಳು ಸಾಬಿರಾ. ನಾಳೆ ಇಲಾಖೆಯವರು ಬಂದು ಈ ಒಂದು ಮಗುವನ್ನು ನೋಡಿ ನನ್ನ ದರ್ಜೆ ಇಳಿಸಿದರೆ ನೀನು ಬಂದು ಹೇಳುತ್ತೀಯಾ ಎಂದು ಕೇಳಿದಳು. ಕೊನೆಗೆ, ಎಲ್ಲ ಶುರುವಾದದ್ದು ನಿನ್ನಿಂದಲೇ, ನಿನ್ನ ಕಾಲನ್ನು ಅವಳಿಗೆ ಕೊಟ್ಟವಳು ನೀನು ಎಂದೂ ಹೇಳಿಬಿಟ್ಟಳು. ಓದಿದವಳು, ಟೀಚರ್, ಅವಳ ಬಾಯಲ್ಲೂ ಈ ಮಾತು ಬಂತು.

ಜಗಳ ಮುಖ್ಯೋಪಾಧ್ಯಾಯ ತೊಕೋಶ್ ಅವರ ಕಿವಿಗೆ ಹೋಯಿತು. ಅವರು ಕಟ್ಟಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಬಿಚ್ಚಿದ್ದರ ಬಗ್ಗೆ ಆಡಿದರು. ಆಮೇಲೆ ಸಮಸ್ಯೆಗೆ ಒಂದು ಪರಿಹಾರವನ್ನೂ ಕಂಡುಹಿಡಿದರು. ವರ್ಷಕ್ಕೊಮ್ಮೆ ಪಟ್ಟಣದಿಂದ ಒಂದು ಸಮಿತಿ ಬರುತ್ತದೆ, ಅದರಲ್ಲಿ ಒಬ್ಬ ವೈದ್ಯೆ ಇರುತ್ತಾರೆ. ಅವರ ಸಹಿ ಬಿದ್ದರೆ ಮಗುವನ್ನು ಬುದ್ಧಿ ಸಾಲದವರ ವಸತಿಶಾಲೆಗೆ ಕಳಿಸಬಹುದು. ನಾಲ್ಕು ಗಂಟೆಯ ದಾರಿ, ಮನೆಗೆ ಬರುವುದು ರಜೆಯಲ್ಲಿ ಮಾತ್ರ, ಅಲ್ಲಿಂದ ವಾಪಸು ಮಾಮೂಲಿ ಶಾಲೆಗೆ ಬಂದವರನ್ನು ಊರಿನಲ್ಲಿ ಯಾರೂ ನೋಡಿಲ್ಲ. ಮಾರ್ಚಿನಲ್ಲಿ ಬರುವ ಸಮಿತಿಗೆ ಜಾರ್ಕಿನಳ ಹೆಸರು ಹೋಯಿತು. ಏಳರ ಮಗ್ಗಿ ಬರುವ ಹುಡುಗಿಗೆ ಬುದ್ಧಿ ಸಾಲದು ಎಂದು ಬರೆಯಲು ತೊಕೋಶ್ ಅವರ ಪೆನ್ನು ಒಂದು ಸಲವೂ ತಡವರಿಸಲಿಲ್ಲ.

ಕುಲಿಪಾ ಅಜ್ಜಿ ಹೌಹಾರಿದಳು. ಜಾರ್ಕಿನಳ ತಾಯಿ ತಂದೆ ಬೇಸಿಗೆ ಚಳಿಗಾಲ ಎನ್ನದೆ ಮೇಲಿನ ಹುಲ್ಲುಗಾವಲಿನಲ್ಲಿ ಕುರಿಯ ಹಿಂದೆ ಇರುವವರು, ಮಗುವಿಗೆ ಇವಳೇ ಎಲ್ಲ. ಮೂರು ದಿನ ಯೋಚಿಸಿ ಅಜ್ಜಿ ಒಂದು ಉಪಾಯ ಹೂಡಿದಳು. ಕಾಲುದಾರವನ್ನು ತಪ್ಪು ಹೆಂಗಸು ಕತ್ತರಿಸಿದ್ದರಿಂದ ಅಲ್ಲವೇ ಇದೆಲ್ಲ? ಇನ್ನೊಮ್ಮೆ ಕಟ್ಟೋಣ, ಈ ಸಲ ಶಾಂತ ಸ್ವಭಾವದವರಿಂದ ಕತ್ತರಿಸೋಣ. ಎಂಟು ವರ್ಷದ ಹುಡುಗಿಗೆ ಕಾಲುದಾರ ಕಟ್ಟಿದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ, ಕೇಳಿಲ್ಲ. ಆದರೆ ಬೇಡ ಎನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ. ಕತ್ತರಿಸಲು ಆರಿಸಿದ್ದು ಸಾಬಿರಾಳನ್ನು. ಬುರುಲಳ ಮನೆಗೆ ಕುಲಿಪಾ ಖುದ್ದು ಹೋಗಿ, ಆ ದಿನ ನಮ್ಮ ಬೀದಿಗೇ ಬರಬೇಡ ಎಂದು ಹೇಳಿ ಬಂದಳು.

“ನೀನ್ ಕೊಟ್ಟಿದ್ದನ್ನ ನಾವು ವಾಪಸ್ ಕೊಡ್ತಾ ಇದ್ದೀವಿ ಅಷ್ಟೇ, ಬೇಜಾರ್ ಮಾಡ್ಕೋಬೇಡ,” ಎಂದಳು ಬಾಗಿಲಲ್ಲಿ ನಿಂತು.

“ಕಾಲೇನು ಸಾಲ ತಂದ ಪಾತ್ರೇನಾ ಅಜ್ಜೀ, ತೊಳೆದು ವಾಪಸ್ ಕೊಡೋಕೆ?” ಎಂದಳು ಬುರುಲ್. ಆದರೂ ಹೋಗುವುದಿಲ್ಲ ಎಂದು ಮಾತು ಕೊಟ್ಟಳು. ಮಾತು ಉಳಿಸಿಕೊಂಡು, ಶಾಲೆಯ ಕಲ್ಲಿದ್ದಲಿನ ಶೆಡ್ಡಿನ ಬಾಗಿಲಲ್ಲಿ ನಿಂತು ದೂರದಿಂದ ನೋಡಿದಳು.

ಅಂಥ ಓಟವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಸಾಬಿರಾ ಮೊದಲು ಬರಬೇಕು ಎಂದು ಎಲ್ಲ ಹೆಂಗಸರಿಗೂ ಮೊದಲೇ ಹೇಳಿಡಲಾಗಿತ್ತು. ಸಾಬಿರಾಳಿಗೋ ಐವತ್ತು ದಾಟಿದೆ, ಮಂಡಿ ನೋವು. ಅವಳು ನಡೆದು ಬರುತ್ತಿದ್ದಳು, ಅವಳನ್ನು ಹಿಂದೆ ಹಾಕದಂತೆ ಇಪ್ಪತ್ತು ಜನ ಅವಳಿಗಿಂತ ನಿಧಾನವಾಗಿ ನಡೆದು ಬರುತ್ತಿದ್ದರು. ಓಟದಲ್ಲಿ ಸೋಲಲು ಒಬ್ಬರನ್ನೊಬ್ಬರು ತಳ್ಳಾಡುವುದು ನೋಡಿ ನಗು ಬರಬೇಕು, ಬುರುಲ್‌ಗೆ ನಾಚಿಕೆಯಾಯಿತು. ಅಂಗಳದ ತುದಿಯಲ್ಲಿ ಎಂಟು ವರ್ಷದ ಹುಡುಗಿ ಕಾಲಿಗೆ ದಾರ ಕಟ್ಟಿಸಿಕೊಂಡು ನಿಂತು, ಓಡಿ ಬನ್ನಿ, ಓಡಿ ಬನ್ನಿ ಎಂದು ಕೂಗುತ್ತಿದ್ದಳು. ಯಾರೂ ಓಡದೆ ಇದ್ದಾಗ ತಾನೇ ಕಟ್ಟಿದ ಕಾಲಿನಲ್ಲಿ ಕುಪ್ಪಳಿಸುತ್ತ ಅವರತ್ತ ಹೊರಟಳು. ಅಜ್ಜಿ ಹಿಡಿದು ನಿಲ್ಲಿಸಿದಳು. ಸಾಬಿರಾ ಬಂದು ದಾರ ಕತ್ತರಿಸಿ, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿದಳು. ಆಮೇಲೆ ಎಲ್ಲರೂ ಕರಿದ ಹಿಟ್ಟಿನ ತುಣುಕು ತಿಂದು ಚಹಾ ಕುಡಿದರು.

ಮರುದಿನದಿಂದ ಜಾರ್ಕಿನ್ ಬದಲಾದಳು. ಸುಮ್ಮನಾದಳು ಎಂದಲ್ಲ, ಸುಮ್ಮನಾಗಲು ತನ್ನ ಜೊತೆಗೇ ಗುದ್ದಾಡತೊಡಗಿದಳು. ಇನ್ನು ಮೇಲೆ ನಿನ್ನ ಕಾಲು ಸಾಬಿರಾ ಎಜೆಯ ಕಾಲು ಎಂದು ಅಜ್ಜಿ ಹೇಳಿದ್ದನ್ನು ಮಗು ನಂಬಿತ್ತು. ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿತ್ತು, ಬೆರಳು ನೀಲಿಗಟ್ಟುವವರೆಗೆ. ತುಟಿ ಕಚ್ಚಿ ಕಚ್ಚಿ ಗಾಯವಾಗಿತ್ತು. ಮಗ್ಗಿ ಪೂರ್ತಿ ಮರೆತುಹೋಯಿತು. ಆದರೂ ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಕಾಲು ತಾನಾಗಿ ಹೊರಳುತ್ತಿತ್ತು, ಕೆಂಪು ಶಾಯಿ ಮತ್ತೆ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಬುರುಲ್ ಶೆಡ್ಡಿನಲ್ಲಿ ಕಲ್ಲಿದ್ದಲು ಒಡೆಯುತ್ತಿದ್ದಾಗ, ಎರಡು ಪಾಠಗಳ ನಡುವೆ ಕಣ್ತಪ್ಪಿಸಿ ಜಾರ್ಕಿನ್ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಅದೇ ಕಪ್ಪು-ಬಿಳಿ ದಾರದ ತುಂಡು ಇತ್ತು.

“ಬುರುಲ್ ಎಜೆ, ಇದನ್ನ ಮತ್ತೆ ಕಟ್ತೀರಾ?” ಎಂದಳು. “ಕತ್ತರಿಸಿದ್ದು ಸರಿ ಹೋಗ್ಲಿಲ್ಲ. ಕಟ್ಟಿ ಹಾಗೇ ಬಿಟ್ಬಿಡಿ. ಆಗ ನನ್ನ ಕಳಿಸಲ್ಲ.”

ಬುರುಲ್ ಅವತ್ತು ಕಲ್ಲಿದ್ದಲಿನ ರಾಶಿಯ ಮೇಲೆ ಕೂತು ಅತ್ತಳು. ತಾನು ಮೂಲೆಯಲ್ಲಿ ನಿಂತ ಎಂಟು ವರ್ಷದಲ್ಲಿ ಒಮ್ಮೆಯೂ ಅತ್ತವಳಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಎಲ್ಲ ದೊಡ್ಡವರ ಮೇಲೆ, ತನ್ನನ್ನೂ ಸೇರಿಸಿ. ಎಂಟು ವರ್ಷದ ಮಗು ತನ್ನ ಕಾಲನ್ನು ತಾನೇ ಕಟ್ಟಿಸಿಕೊಳ್ಳಲು ಬರುತ್ತದೆ ಎಂದರೆ ಆ ಶಾಲೆ ಏನು ಕಲಿಸಿದೆ?

ಅಳು ಮುಗಿದ ಮೇಲೆ ದಾರವನ್ನು ಒಲೆಗೆ ಹಾಕಲೆಂದು ಜೇಬಿಗೆ ತುರುಕಿ, ಹುಡುಗಿಯ ಕೈಗೆ ಅರ್ಧ ಬಕೆಟ್ ಕಲ್ಲಿದ್ದಲು ಕೊಟ್ಟಳು. ನಿನ್ನ ಕೊಠಡಿಯ ಒಲೆಗೆ ನೀನೇ ತಂದುಕೊಡು, ನನ್ನ ಸೊಂಟ ಹಿಡಿದುಕೊಂಡಿದೆ ಎಂದಳು. ಸೊಂಟಕ್ಕೆ ಏನೂ ಆಗಿರಲಿಲ್ಲ. ಜಾರ್ಕಿನ್ ಅಂಗಳ ದಾಟಿ, ಮೆಟ್ಟಿಲು ಹತ್ತಿ, ಕಾರಿಡಾರಿನ ಉದ್ದಕ್ಕೂ ಎರಡೂ ಕೈಯಲ್ಲಿ ಬಕೆಟ್ ಹಿಡಿದು ಒಲೆಯವರೆಗೆ ಹೋದಳು. ಕೆನ್ನೆ ಕೆಂಪಾಗಿತ್ತು, ಏದುಸಿರು ಬರುತ್ತಿತ್ತು. ಆಮೇಲಿನ ಲೆಕ್ಕದ ಪಾಠದಲ್ಲಿ ಮೊದಲಿನಿಂದ ಕೊನೆಯವರೆಗೂ ಕೂತಳು. ಕೂತದ್ದಷ್ಟೇ ಅಲ್ಲ, ಎಲ್ಲ ಲೆಕ್ಕವನ್ನೂ ಮಾಡಿದಳು.

ಸಾಬಿರಾ ಅದನ್ನು ಗಮನಿಸಿದಳು. ಮರುದಿನ ಲೆಕ್ಕದ ಪಾಠಕ್ಕೆ ಮುಂಚೆ, ಒಲೆ ತಣ್ಣಗಾಗಿದೆ, ಹೋಗಿ ತಾ ಎಂದು ಅವಳೇ ಜಾರ್ಕಿನಳನ್ನು ಕಳಿಸಿದಳು. ಒಲೆ ಧಗಧಗ ಉರಿಯುತ್ತಿತ್ತು. ಒಂದು ವಾರದಲ್ಲಿ ಇನ್ನೂ ಐದಾರು ಮಕ್ಕಳು ಸರದಿಯಲ್ಲಿ ಬಕೆಟ್ ಹಿಡಿದು ಬರತೊಡಗಿದರು. ಫೆಬ್ರುವರಿಯ ಹೊತ್ತಿಗೆ ಸಾಬಿರಾ ಓದುವ ಪಾಠವನ್ನು ಮಕ್ಕಳನ್ನು ನಿಲ್ಲಿಸಿಯೇ ಓದಿಸತೊಡಗಿದ್ದಳು. ಹಿಂದಿನ ಸಾಲಿನಲ್ಲಿ ಕಿಟಕಿಯ ಕಟ್ಟೆಯನ್ನೇ ಮೇಜು ಮಾಡಿಕೊಂಡು ನಿಂತು ಬರೆಯಲು ಬಿಟ್ಟಿದ್ದಳು. ಪಾಠದ ನಡುವೆ ಮಕ್ಕಳನ್ನೆಲ್ಲ ಎಬ್ಬಿಸಿ, ಸರಿಯಾದ ಉತ್ತರಕ್ಕೆ ಒಂದು ಗೋಡೆಗೆ, ತಪ್ಪಾದದ್ದಕ್ಕೆ ಇನ್ನೊಂದು ಗೋಡೆಗೆ ಓಡಿಸುತ್ತಿದ್ದಳು. ಗಲಾಟೆ ಆಗುತ್ತಿತ್ತು, ಆಮೇಲೆ ತನ್ನಷ್ಟಕ್ಕೆ ಅಡಗುತ್ತಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಮನೆಗೆ ಹೋದಾಗ ತಲೆನೋವು ಇರಲಿಲ್ಲ ಎಂದು ಬುರುಲ್ ಹತ್ತಿರ ಒಪ್ಪಿಕೊಂಡಳು. ಕಾಲು ಕಟ್ಟಿದ ವಿಷಯ ಇಬ್ಬರೂ ಎತ್ತಲಿಲ್ಲ.

ತೊಕೋಶ್ ಅವರಿಗೆ ಇದು ಕಂಡದ್ದು ಸಮಿತಿ ಬರಲು ಹತ್ತು ದಿನವಿರುವಾಗ. ಮಕ್ಕಳಿಂದ ಕೂಲಿ ಮಾಡಿಸುತ್ತೀರಾ, ಯಾವ ನಿಯಮದಲ್ಲಿ ಬರೆದಿದೆ, ಕಾರಿಡಾರಿನಲ್ಲಿ ಪಾಠದ ಹೊತ್ತಿನಲ್ಲಿ ಮಕ್ಕಳು ಓಡಾಡುವುದು ಏನು, ಇದು ಶಾಲೆಯೋ ಸಂತೆಯೋ ಎಂದು ಕೂಗಾಡಿದರು. ಮಗುವಿನ ಕಾಲು ಕಟ್ಟಿದಾಗ ನಿಯಮ ನೆನಪಾಗದ ಮನುಷ್ಯನಿಗೆ ಮಗು ಬಕೆಟ್ ಹಿಡಿದಾಗ ನೆನಪಾಯಿತು. ಎಲ್ಲ ನಿಂತಿತು. ಕೈಗಳು ಮತ್ತೆ ಮಡಚಿಕೊಂಡವು.

ಸಮಿತಿ ಬಂದದ್ದು ಒಂದು ಶನಿವಾರ, ಪಾಠ ಮುಗಿದ ಮೇಲೆ. ದಪ್ಪ ಕೋಟಿನ ಒಬ್ಬ ವೈದ್ಯೆ, ಕಾಗದದ ಕಟ್ಟು ಹಿಡಿದ ಒಬ್ಬ ಅಧಿಕಾರಿ. ಅವರೊಂದಿಗೆ ತೊಕೋಶ್, ಸಾಬಿರಾ. ಕುಲಿಪಾ ಹಿಂದಿನ ಬೆಂಚಿನಲ್ಲಿ ಜಪ ಮಾಡುವವಳ ಹಾಗೆ ತುಟಿ ಆಡಿಸುತ್ತ ಕೂತಿದ್ದಳು. ದೊಡ್ಡವರಿಗೆ ಚಳಿಯಾಗಬಾರದು ಎಂದು ಒಲೆ ನೋಡಿಕೊಳ್ಳಲು ಬುರುಲಳನ್ನೂ ಅಲ್ಲೇ ಇರಲು ಹೇಳಿದ್ದರು. ಜಾರ್ಕಿನಳನ್ನು ಮೊದಲ ಬೆಂಚಿನಲ್ಲಿ ಕೈ ಮಡಚಿ ಕೂರಿಸಿದರು. ಚಿತ್ರಗಳನ್ನು ಸಾಲಾಗಿ ಜೋಡಿಸು, ಮಾತು ನೆನಪಿಟ್ಟುಕೋ, ಲೆಕ್ಕ ಹೇಳು. ಮೊದಲ ಹತ್ತು ನಿಮಿಷ ಎಲ್ಲ ಸರಿಯಾಗಿ ಹೇಳಿದಳು. ಆಮೇಲೆ ಕಾಲಾಡಿತು. ಆಮೇಲೆ ಮೈ ಹೊರಳಿತು. ಅರ್ಧ ಗಂಟೆಗೆ ಉತ್ತರಗಳು ತಪ್ಪತೊಡಗಿದವು. ಏಳು ನಾಲ್ಕಲ ಎಷ್ಟು ಎಂದು ಕೇಳಿದಾಗ ಅವಳ ಕಣ್ಣಲ್ಲಿ ನೀರು ತುಂಬಿತು. ಗಮನವಿಲ್ಲ, ಹಿಡಿತವಿಲ್ಲ ಎಂದು ವೈದ್ಯೆ ಬರೆಯುತ್ತಿದ್ದರು. ನಾನು ಮೊದಲೇ ಹೇಳಲಿಲ್ಲವೇ ಎನ್ನುವಂತೆ ತೊಕೋಶ್ ತಲೆಯಾಡಿಸುತ್ತಿದ್ದರು.

ಬುರುಲ್ ಒಲೆಯ ಬಾಗಿಲು ಮುಚ್ಚಿ ಎದ್ದು ನಿಂತಳು.

“ಡಾಕ್ಟ್ರೇ, ನಾನು ಓದಿದವಳಲ್ಲ, ಎಣಿಸೋಕೆ ಬರುತ್ತೆ,” ಎಂದಳು. “ನಲವತ್ತು ನಿಮಿಷ ಆಯ್ತು. ತೊಕೋಶ್ ಮೇಷ್ಟ್ರು ಸಿಗರೇಟಿಗೆ ಎರಡು ಸಲ ಹೊರಗೆ ಹೋಗಿ ಬಂದ್ರು. ಈ ಸಾಹೇಬ್ರು ಫೋನಿಗೆ ಒಂದ್ಸಲ ಹೋದ್ರು, ಕಿಟಕಿ ಹತ್ರ ಮೂರು ಸಲ ಹೋದ್ರು. ನೀವು ಎರಡು ಸಲ ಎದ್ದು ಬೆನ್ನು ಚಾಚಿದ್ರಿ, ಒಂದ್ಸಲ ಚಹಾಕ್ಕೆ ಎದ್ರಿ, ಈಗ್ಲೂ ನಿಮ್ಮ ಕಾಲು ಮೇಜಿನ ಕೆಳಗೆ ಆಡ್ತಾನೇ ಇದೆ. ನಿಮಗೆಲ್ಲ ಐವತ್ತರ ಮೇಲೆ. ಇವಳಿಗೆ ಎಂಟು. ಇವಳು ಬೆಂಚು ಬಿಟ್ಟು ಒಂದ್ಸಲಾನೂ ಎದ್ದಿಲ್ಲ. ಈಗ ಹೇಳಿ, ಯಾರನ್ನ ವಸತಿಶಾಲೆಗೆ ಕಳಿಸೋಣ?”

ತೊಕೋಶ್ ಅವರ ಮುಖ ಕಪ್ಪಿಟ್ಟಿತು. ಹೊರಗೆ ಹೋಗು ಎಂದರು. ಬುರುಲ್ ಹೋಗಲಿಲ್ಲ. ವೈದ್ಯೆ ತನ್ನ ಕಾಲನ್ನು ತಾನೇ ನೋಡಿಕೊಂಡರು, ಪೆನ್ನಿನ ಮುಚ್ಚಳ ಹಾಕಿದರು. ಹಾಗಾದರೆ ಈ ಮಗುವಿಗೆ ಲೆಕ್ಕ ಹೇಗೆ ಬರುತ್ತದೆ, ಅದನ್ನು ತೋರಿಸಿ ಎಂದರು.

ಮುಂದೆ ಬಂದವಳು ಸಾಬಿರಾ. ಮುಖ್ಯೋಪಾಧ್ಯಾಯರು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಆದರೂ, ಜಾರ್ಕಿನ್, ಹೋಗಿ ಬಕೆಟ್ ತಾ ಎಂದಳು. ಹುಡುಗಿ ಬಾಣದ ಹಾಗೆ ಹೋದಳು. ಅರ್ಧ ಬಕೆಟ್ ಹೊತ್ತು ಬಂದು, ಒಲೆಯ ಮುಂದೆ ಇಟ್ಟು, ಒಂಟಿ ಕಾಲಿನಲ್ಲಿ ಕುಂಟುತ್ತ ಏಳರ ಮಗ್ಗಿಯನ್ನು ಹತ್ತರವರೆಗೆ ಹೇಳಿ, ಕೇಳದೆ ಇದ್ದರೂ ಎಂಟರದ್ದನ್ನೂ ಶುರುಮಾಡಿದಳು. ಬೆಂಚುಗಳ ನಡುವೆ ನಡೆಯುತ್ತ ಒಂದು ಪುಟ ಓದಿದಳು. ಓದಿದ ಕಥೆಯನ್ನು ಹೇಳು ಎಂದರೆ ಮರಿಕುದುರೆ ಕೆನೆಯುವುದನ್ನೂ ಸೇರಿಸಿ ಹೇಳಿದಳು. ಅಧಿಕಾರಿ ನಕ್ಕುಬಿಟ್ಟರು. ವೈದ್ಯೆ ಬರೆದಿದ್ದನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡರು. ಮಗು ಇಲ್ಲೇ ಓದಲಿ, ಬೇಕಾದಾಗ ನಿಂತು ಬರೆಯಲಿ, ಬಿಡುವು ತಪ್ಪಿಸಬಾರದು ಎಂದು ಬರೆದರು. ಇದೆಲ್ಲ ಯಾವ ನಿಯಮದಲ್ಲಿದೆ ಎಂದು ತೊಕೋಶ್ ಕೇಳಿದರು. ಬೇಡ ಎಂದು ಯಾವ ನಿಯಮದಲ್ಲಿದೆ ಎಂದು ವೈದ್ಯೆ ಕೇಳಿದರು.

ಕುಲಿಪಾ ಅಳುತ್ತ ಬಂದು ಬುರುಲಳ ಮಸಿ ಹಿಡಿದ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಚಹಾ ಬಂತು, ಎಲ್ಲರಿಗೂ ಹಗುರವಾಗಿತ್ತು. ಬುರುಲ್ ಮಾತ್ರ ಚಹಾದ ಬಟ್ಟಲು ಮುಟ್ಟಲಿಲ್ಲ. ಹುಡುಗಿ ಉಳಿದದ್ದಕ್ಕೆ ಅವಳಿಗೆ ಸಂತೋಷವಾಗಬೇಕಿತ್ತು, ಆಗುತ್ತಿದ್ದದ್ದು ಸಿಟ್ಟು. ಇಷ್ಟು ಸುಲಭವಾಗಿತ್ತೇ? ಒಂದು ಬಕೆಟ್ ಕಲ್ಲಿದ್ದಲು, ಒಂದು ಹತ್ತು ನಿಮಿಷ, ಒಬ್ಬರು ಬಾಯಿ ಬಿಡುವುದು, ಇಷ್ಟೇ ಸಾಕಿತ್ತೇ?

“ನಾಲ್ಕು ವರ್ಷದ ಹಿಂದೆ ಇದೇ ಬೆಂಚಿಂದ ಒಬ್ಬನನ್ನ ಕಳಿಸಿದ್ರಿ,” ಎಂದಳು ವೈದ್ಯೆಗೆ. “ಎಸೆನ್ ಅಂತ. ಅವನಿಗೂ ಹೀಗೇ ಕೈ ಮಡಚಿಸಿ ಕೂರಿಸಿ ಕೇಳಿದ್ರಿ.”

ವರ್ಷಕ್ಕೆ ಇನ್ನೂರು ಮಕ್ಕಳನ್ನು ನೋಡುತ್ತೇನೆ, ಹೆಸರು ನೆನಪಿರುವುದಿಲ್ಲ ಎಂದರು ವೈದ್ಯೆ. ಸುಳ್ಳು ಹೇಳಲಿಲ್ಲ, ಪಾಪ.

“ನನಗೆ ನೆನಪಿದೆ. ಅವತ್ತೂ ಈ ಒಲೆ ಮುಂದೆ ಕೂತಿದ್ದವಳು ನಾನೇ. ಎಲ್ಲ ನೋಡ್ತಾ ಇದ್ದೆ. ನನಗ್ಯಾಕೆ, ನನ್ನ ಕೆಲಸ ಒಲೆ ಅಂದ್ಕೊಂಡು ಸುಮ್ನಿದ್ದೆ.”

ಒಮ್ಮೆ ಕಳಿಸಿದವರನ್ನು ಮತ್ತೆ ಪರೀಕ್ಷಿಸಲು ಅವಕಾಶವಿದೆ, ಆದರೆ ಅದಕ್ಕೆ ಶಾಲೆಯಿಂದ ಅರ್ಜಿ ಬೇಕು ಎಂದು ಅಧಿಕಾರಿ ಕಾಗದದ ಕಟ್ಟು ಕಟ್ಟುತ್ತ ಹೇಳಿದರು. ತೊಕೋಶ್ ಗೋಡೆಯ ಮೇಲಿನ ಭಾವಚಿತ್ರ ನೋಡುತ್ತ ನಿಂತರು. ಈವರೆಗೆ ಯಾರೂ ಕೇಳಿಲ್ಲ ಎಂದೂ ಅಧಿಕಾರಿ ಸೇರಿಸಿದರು.

ಸಾಬಿರಾ ಜಾರ್ಕಿನಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು ಮೇಜಿನ ಮೇಲೆ ಬಗ್ಗಿ ಬರೆಯತೊಡಗಿದಳು. ಊರು, ಶಾಲೆ, ತರಗತಿ ಬರೆದಳು. ಎಸೆನ್ ಎಂದು ಬರೆದಳು. ಅಲ್ಲಿಗೆ ಅವಳ ಪೆನ್ನು ನಿಂತಿತು. ಎರಡು ವರ್ಷ ಅವನಿಗೆ ಪಾಠ ಹೇಳಿದವಳು, ಅವನ ದಿನಚರಿಯಲ್ಲಿ ದಿನಾ ಕೆಂಪು ಶಾಯಿಯಲ್ಲಿ ಬರೆದವಳು. ಅವಳು ತಲೆಯೆತ್ತಿ ಬುರುಲಳನ್ನು ನೋಡಿದಳು.

“ಅವನ ಅಪ್ಪನ ಹೆಸರೇನು?” ಎಂದು ಮೆಲ್ಲಗೆ ಕೇಳಿದಳು.

“ಶಾರ್ಶೆನ್,” ಎಂದಳು ಬುರುಲ್.